ಸಕ್ಕರೆ ಇಲ್ಲದ ಶರಬತ್ತು

ಮೊನ್ನೆ ಮೋರಟಗಿಯ ಬೀಗರ ಮನೆಯಲ್ಲಿ ಲಿಂಬೆ ಶರಬತ್ತು ಕೊಟ್ಟರು. ಬಿಸಿಲಲ್ಲಿ ಬಂದವನು ದೊಡ್ಡ ಗುಟುಕನ್ನೇ ಎಳೆದೆ. ಸಕ್ಕರೆ ಹಾಕುವುದನ್ನು ಮರೆತಿದ್ದರು. ನೀವೂ ಎಂದಾದರೂ ಹೀಗೆ ಕುಡಿದಿದ್ದರೆ ಗೊತ್ತಿರುತ್ತದೆ, ಕಣ್ಣು ತಾನಾಗಿಯೇ ಮುಚ್ಚುತ್ತದೆ. ಬೀಗಿತ್ತಿ ಸಕ್ಕರೆ ಡಬ್ಬಿ ಹುಡುಕಲು ಒಳಗೆ ಓಡಿದರು. ನಾನು ಒಬ್ಬನೇ ನಗುತ್ತ ಕೂತೆ. ಮುಚ್ಚಿದ ಕಣ್ಣೊಳಗೆ ಶಿವಲಿಂಗಪ್ಪ ಕಾಕಾ ಬಂದು ನಿಂತಿದ್ದರು.

ಸಾಲೋಟಗಿಯ ಈ ಕಾಕಾ ನಮ್ಮ ಲಿಂಬೆ ಬೆಳೆಗಾರರ ಸಂಘದ ವಂತಿಗೆ ಹಣ ನೋಡಿಕೊಳ್ಳುತ್ತಿದ್ದವರು. ಇಂಡಿ ಪಟ್ಟಣದ ಮಾರುಕಟ್ಟೆಗೆ ಹೋಗುವ ಪ್ರತಿ ಚೀಲಕ್ಕೂ ಬೆಳೆಗಾರ ಒಂದಿಷ್ಟು ವಂತಿಗೆ ಕೊಡಬೇಕು. ಅದು ಹಣ್ಣಿನ ಮಾರಾಟ ಹೆಚ್ಚಿಸಲು ಮಾತ್ರ ಖರ್ಚಾಗಬೇಕು. ಇದು ನಿಯಮ. ಕಾಕಾ ಅದನ್ನು ಎಷ್ಟು ನಂಬಿದ್ದರೆಂದರೆ, ಸಂಘದ ಸಭೆಗೆ ಬರುವವರು ಚಹಾ ಮನೆಯಲ್ಲೇ ಕುಡಿದು ಬರಬೇಕಿತ್ತು. ನಾನು ಅವರ ಕಾರ್ಯದರ್ಶಿ. ಅಂದರೆ, ಅವರು ಹೇಳಿದ್ದಕ್ಕೆಲ್ಲ ‘ಹೌದ್ರಿ’ ಅನ್ನುವವನು.

ಒಂದು ವರ್ಷ ಹಣ್ಣಿಗೆ ಬೆಲೆಯೇ ಬರಲಿಲ್ಲ. ವಂತಿಗೆ ಕೊಟ್ಟು ನಮಗೇನು ಸಿಕ್ಕಿತೆಂದು ಬೆಳೆಗಾರರು ಸಿಡಿಮಿಡಿಗೊಂಡರು. ಮುಂದಿನ ಸಭೆಯ ಹೊತ್ತಿಗೆ ಹೊಸ ಗಿರಾಕಿ ಸಿಗದಿದ್ದರೆ ವಂತಿಗೆ ನಿಲ್ಲಿಸಿ ಇದ್ದದ್ದನ್ನು ಹಂಚಿಬಿಡುವುದೆಂದು ತೀರ್ಮಾನವಾಯಿತು. ಕಾಕಾರ ಮುಖ ಬಾಡಿತು. ತೋಟ ತೋಟ ತಿರುಗಿ, ಒಬ್ಬೊಬ್ಬರನ್ನೇ ಒಪ್ಪಿಸಿ ಅವರು ಕಟ್ಟಿದ ಸಂಘ ಅದು. ಬಸವನ ಬಾಗೇವಾಡಿಯ ಸಂತೆಯಲ್ಲಿ ಪೆಂಡಾಲು ಹಾಕಿ ಬಂದವರಿಗೆಲ್ಲ ಪುಕ್ಕಟೆ ಶರಬತ್ತು ಕುಡಿಸೋಣವೆಂದು ನಾನು ಸೂಚಿಸಿದೆ. ಒಪ್ಪಿದರು. ಸಕ್ಕರೆ ಎಷ್ಟು ತರಲಿ ಎಂದು ಕೇಳಿದ್ದೇ ತಡ, ಹುಬ್ಬು ಗಂಟಿಕ್ಕಿದರು.

“ಲಿಂಬಿ ಬೆಳ್ಯಾವ್ರ ರೊಕ್ಕದಾಗ ಕಬ್ಬ ಬೆಳ್ಯಾವ್ರ ಮಾಲ ಯಾಕ ಕೊಳ್ಳಬೇಕೋ ತಮ್ಮಾ? ಹಣ್ಣ ಛಲೋ ಇದ್ರ ಹಂಗ ಕುಡೀತಾರ.”

“ಹೌದ್ರಿ ಕಾಕಾ,” ಅಂದೆ. ನನ್ನ ಹುದ್ದೆಯೇ ಅದು.

ಸಂತೆಯಲ್ಲಿ ಮೊದಲ ಲೋಟ ಕುಡಿದವರು ಯಾರೋ ಮಾಸ್ತರರು. ಅವರ ಮುಖ ಹಿಂಡಿದ ಹೋಳಿನ ಹಾಗಾಯಿತು. “ಕುಡಸಾಕ ಕರದೀರೋ, ಓಡಸಾಕ ಕರದೀರೋ?” ಎಂದು ಕೇಳಿದರು. ಆದರೆ ಓಡಲಿಲ್ಲ; ಮುಂದಿನವನ ಮುಖ ಏನಾಗುತ್ತದೆ ನೋಡಲು ಅಲ್ಲೇ ನಿಂತರು. ಅವನೂ ಕುಡಿದು ನಿಂತ. ತುಸು ಹೊತ್ತಿನಲ್ಲಿ ಕಾಯಿಪಲ್ಲೆ ಕೊಳ್ಳಲು ಬಂದವರೆಲ್ಲ ನಮ್ಮ ಪೆಂಡಾಲಿನ ಮುಂದೆ ನಗುತ್ತ ನೆರೆದಿದ್ದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕಾಕಾ ಗಂಭೀರವಾಗಿ ಲೋಟ ತುಂಬುತ್ತಲೇ ಇದ್ದರು.

ಆಗ ನಾಲತವಾಡದಲ್ಲಿ ಖಾನಾವಳಿ ನಡೆಸುವ ಹೆಂಗಸೊಬ್ಬಳು ಗುಂಪು ಸರಿಸಿ ಬಂದಳು. ಒಂದು ಲೋಟ ಕುಡಿದಳು, ಕಣ್ಣು ಮುಚ್ಚಲಿಲ್ಲ. ಇನ್ನೊಂದು ಕೇಳಿದಳು.

“ಸಕ್ಕರಿ ಹಾಕಿದ್ರ ಇದರ ಹುಳಿ ಹೆಂಗ ತಿಳೀತಿತ್ತರಿ? ನಮ್ಮ ಕಡೆ ಬರೂ ಹಣ್ಣ ಹಿಂಡಿದ್ರ ಬರೇ ನೀರ. ವಾರಾ ವಾರಾ ನನಗ ಹಣ್ಣ ಕಳಸ್ರಿ. ಮುದ್ದೇಬಿಹಾಳದ ಖಾನಾವಳಿಯವ್ರಿಗೂ ಹೇಳ್ತೇನಿ.”

ವಂತಿಗೆ ಉಳಿಯಿತು. ಸಭೆಯಲ್ಲಿ ಎಲ್ಲರೂ ಕಾಕಾರ ಜಾಣತನವನ್ನು ಹೊಗಳಿದರು. ಕಾಕಾ ತಲೆ ಕೆರೆದುಕೊಂಡು, “ಜಾಣತನ ಎಲ್ಲೀದ್ರಿ, ಬರೇ ಹಟ ಅದು,” ಅಂದರು. ಅಷ್ಟು ಸಂತೋಷವನ್ನು ಆ ಮುಖದಲ್ಲಿ ನಾನು ಮತ್ತೆಂದೂ ಕಾಣಲಿಲ್ಲ.

ಕಾಕಾ ಈಗಿಲ್ಲ. ವಂತಿಗೆ ನನ್ನ ಕೈಗೆ ಬಂದಿದೆ. ಮುಂದಿನ ಸಂತೆಯ ಪೆಂಡಾಲಿಗೆ ಸಕ್ಕರೆ ತರಿಸಲು ಹೇಳಿ, ನಾನೆಷ್ಟು ಧಾರಾಳಿ ಎಂದು ಹೋದ ವಾರವಷ್ಟೇ ಹಿಗ್ಗಿದ್ದೆ.

ಬೀಗಿತ್ತಿ ಡಬ್ಬಿ ಮುಂದೆ ಹಿಡಿದರು. “ಬ್ಯಾಡ್ರಿ, ಹಿಂಗ ಛಲೋ ಐತಿ,” ಎಂದು ಉಳಿದದ್ದನ್ನೂ ಕುಡಿದೆ. ಕಣ್ಣಲ್ಲಿ ನೀರು ಬಂತು. ಹುಳಿಗೆ ಬಂದದ್ದೆಂದು ಅವರು ತಿಳಿದರು; ನನಗೆ ಕಾಕಾ ಬೇಕೆನಿಸಿತ್ತು. ಅಂಗಳಕ್ಕೆ ಬಂದು ಇಂಡಿಗೆ ಫೋನು ಮಾಡಿದೆ.

“ಸಕ್ಕರಿ ತರಬ್ಯಾಡಪಾ.”

ಆ ಕಡೆಯಿಂದ ನಮ್ಮ ಈಗಿನ ಕಾರ್ಯದರ್ಶಿಯ ದನಿ ಕೇಳಿಸಿತು.

“ಹೌದ್ರಿ.”