ಇಸ್ಪೀಟು ಕಲಿಸಿದ ಮೇಡಂ

ವಾರದಲ್ಲಿ ಎರಡು ದಿನ ಆಳಂದ, ಎರಡು ದಿನ ಅಫಜಲಪುರ, ಎರಡು ದಿನ ಜೇವರ್ಗಿ. ಅತಿಥಿ ಉಪನ್ಯಾಸಕಿಯ ಬದುಕು ಅಂದರೆ ಇಷ್ಟೇ. ಹೆಸರಿಗೆ ಅತಿಥಿ, ಸ್ಟಾಫ್ ರೂಮಿನಲ್ಲಿ ಕುರ್ಚಿ ಖಾಲಿ ಇದ್ದರೆ ಕೂರಬಹುದು. ಮೂರೂ ಕಾಲೇಜಿನಲ್ಲಿ ನನ್ನ ಪಾಠ ಒಂದೇ: ಪರಿಮಾಣಾತ್ಮಕ ವಿಧಾನಗಳು. ಸರಾಸರಿ, ವಿಚಲನೆ, ಸಂಭವನೀಯತೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ತುಂಬಿ ನನ್ನ ಕೈಗೆ ಕೊಡುತ್ತಾರೆ. ಇತಿಹಾಸದ ಹುಡುಗಿಗೂ ಸಸ್ಯಶಾಸ್ತ್ರದ ಹುಡುಗನಿಗೂ ಕೊನೆಗೆ ಬರುವುದು ಒಂದೇ ಪ್ರಶ್ನೆಪತ್ರಿಕೆ.

ಪುಸ್ತಕದಲ್ಲಿದ್ದ ಅಭ್ಯಾಸದ ಲೆಕ್ಕಗಳನ್ನು ಓದಿದರೆ ನನಗೆ ಮೈ ಉರಿಯುತ್ತಿತ್ತು. ಯಾವುದೋ ಬಲ್ಬಿನ ಕಾರ್ಖಾನೆ, ಯಾವುದೋ ಬಾಲ್ ಬೇರಿಂಗು. ಹಾಗಾಗಿ ಒಂದೊಂದು ವಿಷಯದವರಿಗೆ ಅವರವರದೇ ಲೆಕ್ಕ ಕಟ್ಟಿಕೊಟ್ಟೆ. ಸಸ್ಯಶಾಸ್ತ್ರದವರು ತೊಗರಿ ಬೀಜ ನೆನೆಹಾಕಿ ಮೊಳಕೆ ಎಣಿಸಿದರು. ಅರ್ಥಶಾಸ್ತ್ರದವರು ಖಜೂರಿ ದಾರಿಯಲ್ಲಿ ನಿಂತು ಕಾಲು ತಾಸಿಗೆ ಎಷ್ಟು ಲಾರಿ ಹಾಯುತ್ತವೆ ಎಂದು ಬರೆದುಕೊಂಡು ಬಂದರು. ಸಮಾಜಶಾಸ್ತ್ರದವರು ಗೊಬ್ಬೂರಿನ ಒಂದು ಓಣಿಯಲ್ಲಿ ಮನೆಗೆ ಎಷ್ಟು ಮಂದಿ ಎಂದು ಕೇಳಿ ಸರಾಸರಿ ತೆಗೆದರು. ಐದೂವರೆ ಬಂತು. ಆ ಅರ್ಧ ಮನುಷ್ಯ ಯಾರಿರಬಹುದು ಎಂದು ಕ್ಲಾಸೆಲ್ಲ ನಕ್ಕು ಸುಸ್ತಾಯಿತು, ಆದರೆ ಸರಾಸರಿ ಅಂದರೆ ಏನು ಎಂಬುದು ಅವತ್ತೇ ತಲೆಗೆ ಹೋಯಿತು.

ಬದಲಿಸಲಾಗದೆ ಉಳಿದದ್ದು ಒಂದೇ, ಇಸ್ಪೀಟಿನ ಲೆಕ್ಕ. ಪ್ರಶ್ನೆಪತ್ರಿಕೆ ಹೊರಗಿನಿಂದ ಬರುತ್ತದೆ. ಅದನ್ನು ತೆಗೆಯುವ ಪುಣ್ಯಾತ್ಮರಿಗೆ ಇಸ್ಪೀಟು ಅಂದರೆ ಜೀವ. ‘ಚೆನ್ನಾಗಿ ಕಲಸಿದ ಐವತ್ತೆರಡು ಎಲೆಗಳ ಕಟ್ಟಿನಿಂದ’ ಎಂದು ಶುರುವಾಗುವ ಒಂದು ಪ್ರಶ್ನೆ ಇಲ್ಲದ ಪರೀಕ್ಷೆಯನ್ನು ನಾನು ಕಂಡಿಲ್ಲ.

ಆ ವರ್ಷ ಜೇವರ್ಗಿಯಲ್ಲಿ ಒಂದು ಕಿರುಪರೀಕ್ಷೆ ಕೊಟ್ಟೆ. ತೊಗರಿಯದೊಂದು ಲೆಕ್ಕ, ಲಾರಿಯದೊಂದು, ಓಣಿಯದೊಂದು, ಇಸ್ಪೀಟಿನದೊಂದು. ತಿದ್ದುತ್ತಾ ಹೋದಂತೆ ನನಗೇ ವಿಚಿತ್ರ ಅನಿಸಿತು. ಮೊದಲ ಮೂರರಲ್ಲಿ ಹುಡುಗಿಯರದೇ ಮೇಲುಗೈ. ನಾಲ್ಕನೆಯದರಲ್ಲಿ ಅದೇ ಹುಡುಗಿಯರದು ಸಾಲಾಗಿ ಸೊನ್ನೆ. ಲಾರಿಯ ಲೆಕ್ಕದಲ್ಲಿ ಮುಗ್ಗರಿಸಿದ ಹುಡುಗರು ಇಲ್ಲಿ ಸಲೀಸಾಗಿ ದಾಟಿದ್ದರು. ಒಬ್ಬಳು ಕೆಂಪು ಎಲೆ ಎಂದರೆ ರಾಣಿಯ ಸೀರೆ ಕೆಂಪಗಿರುವುದು ಎಂದುಕೊಂಡಿದ್ದಳು. ಇನ್ನೊಬ್ಬಳು, ಇತಿಹಾಸದವಳು, ಅಚ್ಚುಕಟ್ಟಾದ ಅಕ್ಷರದಲ್ಲಿ ಹೀಗೆ ಬರೆದಿದ್ದಳು: ‘ಕಟ್ಟಿನಲ್ಲಿ ನಾಲ್ವರು ರಾಜರಿದ್ದಾರೆ. ಆದರೆ ಒಬ್ಬೊಬ್ಬ ರಾಜನಿಗೆ ಎಷ್ಟು ಜನ ರಾಣಿಯರು ಎಂಬುದನ್ನು ಪ್ರಶ್ನೆಯಲ್ಲಿ ಕೊಟ್ಟಿಲ್ಲ. ಆದ್ದರಿಂದ ಈ ಲೆಕ್ಕ ಬಿಡಿಸಲು ಬರುವುದಿಲ್ಲ.’

ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ನಗು ನಿಂತಿತು. ಅವಳು ಬರೆದದ್ದರಲ್ಲಿ ತಪ್ಪೇನಿದೆ? ಇತಿಹಾಸದ ಪುಸ್ತಕದಲ್ಲಿ ಅವಳು ನೋಡಿದ ಒಬ್ಬ ರಾಜನಿಗಾದರೂ ಒಬ್ಬಳೇ ರಾಣಿ ಇದ್ದಳೆ? ಇಸ್ಪೀಟನ್ನು ಅವಳು ಜನ್ಮದಲ್ಲಿ ಮುಟ್ಟಿಲ್ಲ. ಅವಳ ಕ್ಲಾಸಿನ ಹುಡುಗ ಹಬ್ಬದ ದಿನ ಕಟ್ಟೆಯ ಮೇಲೆ ಅಪ್ಪ, ಕಾಕಾ ಆಡುವುದನ್ನು ಹೆಗಲ ಮೇಲಿಂದ ಬಗ್ಗಿ ನೋಡಿ ಬೆಳೆದಿದ್ದಾನೆ. ಅವಳು ಅದೇ ಹಬ್ಬದ ದಿನ ಒಳಗೆ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಇಬ್ಬರಿಗೂ ಒಂದೇ ಪ್ರಶ್ನೆ ಕೊಟ್ಟು, ಹುಡುಗಿಯರಿಗೆ ಗಣಿತ ಹತ್ತುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾರೆ.

ನನ್ನ ಕಥೆಯೂ ಅದೇ. ಡಿಗ್ರಿಯಲ್ಲಿ ನಾನು ಇದೇ ಪ್ರಶ್ನೆಯನ್ನು ಬಿಟ್ಟು ಬಂದವಳು. ಗುಲಾಮ ಯಾರು, ಎಕ್ಕ ಯಾರು ಎಂದು ಕೇಳಲು ನಾಚಿಕೆ. ನಮ್ಮ ಮನೆಯಲ್ಲಿ ಇಸ್ಪೀಟು ಎಂಬ ಮಾತನ್ನು ಹೆಣ್ಣುಮಕ್ಕಳು ಬಾಯಲ್ಲಿ ತರುವಂತಿರಲಿಲ್ಲ. ಅವತ್ತು ಕಳೆದುಕೊಂಡ ಅಂಕಗಳ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಆಳಂದದ ಬಸ್ ಸ್ಟ್ಯಾಂಡಿನ ಬಳಿ ಒಂದು ಅಂಗಡಿಗೆ ಹೋಗಿ ಇಸ್ಪೀಟಿನ ಪ್ಯಾಕು ಕೇಳಿದೆ. ಅಂಗಡಿಯವನು ಸುತ್ತ ನೋಡಿ, ಹಳೇ ಪೇಪರಿನಲ್ಲಿ ಸುತ್ತಿಕೊಟ್ಟ.

“ಯಜಮಾನ್ರಿಗೇನ್ರೀ ಅಕ್ಕಾರ?”

“ಅಲ್ರಿ, ನನಗ. ಪೇಪರ್ ಬ್ಯಾಡ, ಹಂಗೇ ಕೊಡ್ರಿ.”

ಜೇವರ್ಗಿಯ ಕ್ಲಾಸಿನಲ್ಲಿ ಪ್ಯಾಕು ಬಿಚ್ಚಿ ಮೇಜಿನ ಮೇಲೆ ಹರಡಿದಾಗ ಹುಡುಗರು ಸಿಳ್ಳೆ ಹಾಕಿದರು. ಹುಡುಗಿಯರು ಬೆಂಚಿನಿಂದ ಏಳಲಿಲ್ಲ. ಮುಂದಿನ ಬೆಂಚಿನವಳೊಬ್ಬಳು ದುಪಟ್ಟಾದಿಂದ ಅರ್ಧ ಮುಖ ಮುಚ್ಚಿಕೊಂಡು, “ಮೇಡಂ, ನಮ್ಮ ಅಮ್ಮೀಗೆ ಗೊತ್ತಾದ್ರ ಕೊಂದೇ ಬಿಡ್ತಾಳ್ರಿ” ಅಂದಳು. ನೋಡಿದರೆ ಕೊಲ್ಲುವುದಿಲ್ಲ, ಬಾ ಎಂದು ಕರೆದೆ. ಒಬ್ಬಳು ಬಂದಳು, ಹಿಂದೆ ಇನ್ನಿಬ್ಬರು ಬಂದರು. ಆಟೀನು, ಡೈಮನ್ ಕೆಂಪು. ಇಸ್ಪೀಟು, ಕಳಾವರ್ ಕಪ್ಪು. ರಾಜನಿಗೆ ಒಬ್ಬಳೇ ರಾಣಿ, ಕೊನೆಗೂ. ಇತಿಹಾಸದ ಹುಡುಗಿ ನಾಲ್ವರು ರಾಣಿಯರನ್ನೂ ಎತ್ತಿ ಸಾಲಾಗಿ ಇಟ್ಟು, “ಇಷ್ಟೇ ಏನ್ರಿ? ಇದಕ್ಕ ನಾ ಹೆದರಿದ್ನ್ಯಾ?” ಅಂದಳು. ಒಂದು ತಾಸಿನಲ್ಲಿ ಮುಗಿಯುವ ಪಾಠ. ಅದಕ್ಕಾಗಿ ಇಷ್ಟು ವರ್ಷ ಎಷ್ಟು ಹುಡುಗಿಯರು ಅಂಕ ಬಿಟ್ಟರೋ.

ಮುಂದಿನ ವಾರ ನಾನು ಜೇವರ್ಗಿಗೆ ಹೋದಾಗ ಇತಿಹಾಸದ ಹುಡುಗಿ ಕ್ಲಾಸಿನಲ್ಲಿ ಇರಲಿಲ್ಲ. ಎರಡನೆಯ ಪೀರಿಯಡ್ಡಿಗೆ ಪ್ರಿನ್ಸಿಪಾಲರ ಕರೆ ಬಂತು. ಒಳಗೆ ಹೋದರೆ ಹುಡುಗಿ ಗೋಡೆಗೆ ಆತು ನಿಂತಿದ್ದಳು. ಕುರ್ಚಿಯಲ್ಲಿ ಅವಳ ಅಪ್ಪ. ಊರಲ್ಲಿ ಅಂಗಡಿ ಇಟ್ಟವರು, ಬಿಳಿ ಅಂಗಿ, ಹಣೆಗೆ ವಿಭೂತಿ, ಜಗಳಕ್ಕೆ ಬಂದಾಗಲೂ ದನಿ ಎತ್ತದ ಮನುಷ್ಯ. ಮೇಜಿನ ಮೇಲೆ ಕಾಗದದ ಚೂರುಗಳ ಒಂದು ಗುಡ್ಡೆ ಇತ್ತು.

ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಆ ಹುಡುಗಿ ಮನೆಯಲ್ಲಿ ತನ್ನದೇ ಇಸ್ಪೀಟು ಮಾಡಿಕೊಂಡಿದ್ದಳು. ಐವತ್ತೆರಡೂ ಎಲೆ. ರಾಜರಿಗೆ ರುಮಾಲು, ಮೀಸೆ. ರಾಣಿಯರಿಗೆ ನತ್ತು. ಲೆಕ್ಕ ಬಿಡಿಸುವಾಗ ತೆಗೆದು, ಆಮೇಲೆ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದಳಂತೆ. ಅಪ್ಪನ ಕೈಗೆ ಸಿಕ್ಕಿತು.

“ಮೇಡಂ, ನಾವು ಲಿಂಗ ಕಟ್ಟಿದ ಮಂದಿ ಅದೇವಿ. ನಮ್ಮ ಮನ್ಯಾಗ ಹೆಣ್ಣುಮಕ್ಕಳು ಇದನ್ನ ಮುಟ್ಟಂಗಿಲ್ರಿ. ಕಾಲೇಜಿಗೆ ಓದಾಕ ಕಳಿಸೇವಿ, ಅಂದರ್ ಬಾಹರ್ ಕಲ್ಯಾಕ ಅಲ್ಲ.” ಹೇಳುತ್ತಾ ಅವರು ಆ ಎಲೆಗಳನ್ನು ಒಟ್ಟುಮಾಡಿ, ಮೇಜಿಗೆ ಕುಟ್ಟಿ ಸಮ ಮಾಡಿ, ಒಂದಿಷ್ಟನ್ನು ಎಡಗೈಯಲ್ಲಿ ಬೀಸಣಿಕೆಯ ಹಾಗೆ ಬಿಡಿಸಿ ನನ್ನ ಮುಂದೆ ಹಿಡಿದರು. ನಾನು ಎಲೆ ನೋಡಲಿಲ್ಲ, ಅವರ ಬೆರಳು ನೋಡಿದೆ. ಅಷ್ಟು ಸರಾಗ ನನ್ನ ಕೈಗೆ ಇನ್ನೂ ಬಂದಿಲ್ಲ.

ನಾನು ಕಿರುಪರೀಕ್ಷೆಯ ಅಂಕಗಳನ್ನು ಒಂದು ಕೋಷ್ಟಕ ಮಾಡಿಟ್ಟಿದ್ದೆ. ಒಂದು ಕಡೆ ನಾಲ್ಕು ಲೆಕ್ಕ, ಇನ್ನೊಂದು ಕಡೆ ಹುಡುಗರು, ಹುಡುಗಿಯರು. ಅದನ್ನು ಪ್ರಿನ್ಸಿಪಾಲರ ಮುಂದೆ ಇಟ್ಟೆ. “ನೋಡ್ರಿ ಸರ್, ಲೆಕ್ಕ ಬರದೆ ಸೊನ್ನೆ ಬಂದಿದ್ರ ಉಳಿದ ಮೂರರಾಗೂ ಬರಬೇಕಿತ್ತು. ಇದೊಂದರಾಗ ಯಾಕ ಬಂತು?”

ಅವರು ಹಾಳೆಯನ್ನು ಮಗುಚಿ ಇಟ್ಟರು. ಕೆಟ್ಟವರಲ್ಲ, ನಿವೃತ್ತಿಗೆ ಹತ್ತಿರ ಬಂದವರು, ಯಾವ ಗಲಾಟೆಯೂ ಬೇಡ ಅಷ್ಟೇ. “ಮೇಡಂ, ಪೇಪರ್‌ನಾಗ ಚಾಯ್ಸ್ ಇರ್ತದಲ್ರಿ. ಹುಡುಗ್ಯಾರಿಗೆ ಅದನ್ನ ಬಿಡ್ರಿ ಅಂತ ಹೇಳಿ ಬಿಡ್ರಿ. ನೀವು ಒಂದು ಮಾಫಿ ಪತ್ರ ಬರದು ಕೊಡ್ರಿ, ಇವರೂ ಶಾಂತ ಆಗ್ತಾರ.”

“ಹೌದ್ರಿ,” ಅಂದರು ಅಪ್ಪ. “ಬರದು ಕೊಟ್ರ ಮಗಳು ನಾಳಿಂದ ಬರ್ತಾಳ. ಇಲ್ಲಂದ್ರ ಈಗಿಂದೀಗ ಟಿ.ಸಿ. ಕೊಡ್ರಿ.”

ಬಿಳಿ ಹಾಳೆ ಬಂತು, ಪೆನ್ನು ಬಂತು. ಏನು ಬರೆಯಬೇಕೆಂದು ಪ್ರಿನ್ಸಿಪಾಲರೇ ಹೇಳಿದರು: ‘ಹೆಣ್ಣುಮಕ್ಕಳಿಗೆ ಕಲಿಸಬಾರದ್ದನ್ನು ಕಲಿಸಿದ್ದಕ್ಕೆ ವಿಷಾದಿಸುತ್ತೇನೆ.’ ನಾನು ಪೆನ್ನು ಕೈಗೆ ತಗೊಂಡೆ, ಸುಳ್ಳು ಹೇಳುವುದಿಲ್ಲ. ಒಂದು ಸಾಲು ಗೀಚಿದರೆ ಹುಡುಗಿಯ ಓದು ಉಳಿಯುತ್ತದೆ, ನನ್ನ ಪೀರಿಯಡ್ಡುಗಳೂ ಉಳಿಯುತ್ತವೆ. ಅವಳ ಕಡೆ ನೋಡಿದೆ. ಅವಳು ನನ್ನ ಪೆನ್ನನ್ನೇ ನೋಡುತ್ತಿದ್ದಳು. ಬರೆದರೆ ಅವಳು ನಾಳೆ ಕ್ಲಾಸಿಗೆ ಬರುತ್ತಾಳೆ, ಸರಿ. ಆದರೆ ತಾನು ಮಾಡಿದ್ದು ತಪ್ಪು ಎಂದು ನನ್ನದೇ ಅಕ್ಷರದಲ್ಲಿ ಓದಿಕೊಂಡು ಬರುತ್ತಾಳೆ. ಆ ಸಾಲು ನನ್ನ ಕೈಯಿಂದ ಇಳಿಯಲಿಲ್ಲ.

“ಬರಿಯೂದಕ್ಕ ಮೊದ್ಲ ನಿಮ್ಮ ಮಗಳಿಗೆ ಒಂದು ಪ್ರಶ್ನಿ ಕೇಳ್ತೇನ್ರಿ,” ಅಂದೆ. ಯಾರ ಹೂಂಗೂ ನಾನು ಕಾಯಲಿಲ್ಲ. “ಕಟ್ಟಿನಿಂದ ಒಂದಾದ ಮ್ಯಾಲ ಒಂದು, ಎರಡು ಎಲಿ ತಗೀತೀ. ತಗದದ್ದು ವಾಪಸ್ ಹಾಕಂಗಿಲ್ಲ. ಎರಡೂ ರಾಜನೇ ಬರೂ ಸಂಭವ ಎಷ್ಟು?”

ಅವಳು ಗೋಡೆ ಬಿಟ್ಟು ನೆಟ್ಟಗೆ ನಿಂತಳು. “ಮೊದಲ್ನೇದು ಐವತ್ತೆರಡರಾಗ ನಾಕು. ಅಂದ್ರ ಹದಿಮೂರರಾಗ ಒಂದು. ಈಗ ಉಳಿದದ್ದು ಐವತ್ತೊಂದು ಎಲಿ, ರಾಜರು ಮೂರು ಮಂದಿ. ಹದಿನೇಳರಾಗ ಒಂದು. ಗುಣಿಸಿದ್ರ...” ತುಟಿ ಅಲುಗಿತು. “ಇನ್ನೂರಾ ಇಪ್ಪತ್ತೊಂದರಾಗ ಒಂದ್ಸಲ ಬರ್ತದ್ರಿ.”

ಉತ್ತರ ಸರಿ ಇತ್ತು. ನಾನು ಹಾಗೆಂದು ಹೇಳುವ ಮೊದಲೇ ಅಪ್ಪ ತಲೆ ಅಲ್ಲಾಡಿಸಿದರು.

“ಸುಳ್ಳದು. ಇನ್ನೂರರಾಗ ಒಂದ್ಸಲ? ಎರಡು ರಾಜ ದಿನಾ ಬರ್ತಾವ ಬೇ.”

“ನಿನ್ನ ಕೈಯಾಗ ಎಷ್ಟು ಎಲಿ ಇರ್ತಾವಪ್ಪಾ?”

“ಹದಿಮೂರು.”

ಪ್ರಿನ್ಸಿಪಾಲರು ಒಂದು ಫೈಲು ತೆಗೆದು ತಿರುವಿ ಹಾಕತೊಡಗಿದರು. ನನಗೆ ನಗು ಉಕ್ಕಿ ಬಂತು, ತುಟಿ ಕಚ್ಚಿ ತಡೆದೆ. ಹುಡುಗಿ ನಗಲಿಲ್ಲ. ಅಪ್ಪನನ್ನು ಸಿಕ್ಕಿಹಾಕಿಸಬೇಕೆಂಬ ಇರಾದೆಯೇ ಅವಳಿಗೆ ಇರಲಿಲ್ಲ, ಅವಳ ಮನಸ್ಸೆಲ್ಲ ಲೆಕ್ಕದಲ್ಲೇ ಇತ್ತು.

“ಹಂಗಾದ್ರ ನೀ ಹೇಳೂದೂ ಖರೇ ಇರಬೇಕು. ನಾ ತಗದದ್ದು ಎರಡೇ ಎಲಿ, ನಿನ್ನ ಹತ್ರ ಹದಿಮೂರು. ಲೆಕ್ಕ ಬ್ಯಾರೇನೇ ಆಗ್ತದ. ಅದನ್ನ ಮೇಡಂ ಇನ್ನೂ ಹೇಳಿಕೊಟ್ಟಿಲ್ಲ.”

ಅಪ್ಪ ಮಗಳನ್ನು ನೋಡಿದರು. ಹಣೆ ಬೆವೆತು ವಿಭೂತಿ ಮಸುಕಾಗಿತ್ತು. ಆಮೇಲೆ ಕೈಯಲ್ಲಿದ್ದ ಎಲೆಗಳನ್ನು ಗುಡ್ಡೆಯ ಮೇಲೆ ಮೆತ್ತಗೆ ಇಟ್ಟು ಎದ್ದರು. “ಟಿ.ಸಿ. ಇರಲಿ ಬಿಡ್ರಿ ಸರ್,” ಅಂದು, ನನ್ನ ಕಡೆ ನೋಡದೆ ಹೊರಗೆ ಹೋದರು. ಹುಡುಗಿ ತನ್ನ ಐವತ್ತೆರಡು ಎಲೆಗಳನ್ನು ಎಣಿಸಿ ಬ್ಯಾಗಿಗೆ ಹಾಕಿಕೊಂಡು ಕ್ಲಾಸಿಗೆ ನಡೆದಳು.

ಪ್ರಿನ್ಸಿಪಾಲರು ಹಾಳೆಯನ್ನು ಇನ್ನೊಮ್ಮೆ ನನ್ನತ್ತ ಸರಿಸಿದರು. “ಅವರು ಹೋದ್ರೂ ಫೈಲಿಗೆ ಏನರ ಬೇಕಲ್ರಿ ಮೇಡಂ. ಎರಡು ಸಾಲು ಬರದು ಸಹಿ ಮಾಡ್ರಿ.”

ಬರೆದೆ. ಸಹಿಯನ್ನೂ ಹಾಕಿದೆ. ‘ಐವತ್ತೆರಡು ಎಲೆಗಳ ಒಂದೇ ಕಟ್ಟಿನಿಂದ ಒಬ್ಬನಿಗೆ ಹದಿಮೂರು ಎಲೆ ಹಂಚಲಾಗಿದೆ. ಅವನ ಕೈಯಲ್ಲಿ ಕನಿಷ್ಠ ಇಬ್ಬರು ರಾಜರಿರುವ ಸಂಭವನೀಯತೆ ಎಷ್ಟು?’

ಅವರು ಕನ್ನಡಕ ಹಾಕಿಕೊಂಡು ಓದಿದರು. “ಇದು ಮಾಫಿ ಪತ್ರ ಅಲ್ಲಲ್ರಿ.”

“ಅಲ್ರಿ ಸರ್.”

ಅದೇ ಲೆಕ್ಕವನ್ನು ಮರುದಿನ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದೆ. ಒಂದು ಪೀರಿಯಡ್ಡು ಪೂರ್ತಿ ಹಿಡಿಯಿತು. ಸುಮಾರು ನಾಲ್ಕಕ್ಕೆ ಒಂದು ಸಲ ಎಂದು ಬಂತು. ಅಪ್ಪ ಹೇಳಿದ್ದು ಪೂರಾ ಸುಳ್ಳಲ್ಲ ಎಂದು ಹುಡುಗಿಗೆ ಅದೆಷ್ಟು ಖುಷಿ! ಮನೆಗೆ ಹೋಗಿ ಹೇಳುತ್ತೇನೆ ಅಂದಳು. ಹೇಳಿದಳೋ, ಹೇಳಿದರೆ ಅವರು ಏನಂದರೋ, ನಾನು ಕೇಳಲಿಲ್ಲ.

ಆ ಸಲದ ಪರೀಕ್ಷೆಯಲ್ಲೂ ಇಸ್ಪೀಟಿನ ಪ್ರಶ್ನೆ ಬಂತು, ಹುಡುಗಿಯರು ಯಾರೂ ಬಿಡಲಿಲ್ಲ. ಮುಂದಿನ ವರ್ಷ ಜೇವರ್ಗಿಯ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ವಾರಕ್ಕೆ ಎರಡು ದಿನದ ಕೆಲಸ ಹೋಯಿತು. ಆದರೆ ಅದೇ ಹಾಳೆ, ಅದೇ ಪೆನ್ನು ಇವತ್ತು ನನ್ನ ಮುಂದೆ ಇಟ್ಟರೂ ನಾನು ಬರೆಯುವುದು ಆ ಲೆಕ್ಕವನ್ನೇ.