ಕಮ್ಮನಹಳ್ಳಿಯ ಮುನಿರತ್ನ ಆಡದ ಮಾತು

೧೯೯೮ರಲ್ಲಿ ನಾನು ಶಿವಾಜಿನಗರದ ಒಂದು ಸಂಜೆ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದೆ. ಕಚೇರಿ ಇದ್ದದ್ದು ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ನನಗೆ ವಹಿಸಿದ್ದು 'ಊರಿನ ಬಾಯಿ' ಎಂಬ ಅಂಕಣ. ಅಂದಿನ ಸುದ್ದಿಯಿಂದ ಒಂದು ಪ್ರಶ್ನೆ ಆರಿಸಿ, ರಸ್ತೆಯಲ್ಲಿ ಸಿಕ್ಕ ನಾಲ್ವರನ್ನು ಕೇಳಿ, ಅವರ ಉತ್ತರವನ್ನು ಹೆಸರು, ಕಸುಬು, ಬಡಾವಣೆ ಸಮೇತ ಮಧ್ಯಾಹ್ನದೊಳಗೆ ಬರೆದುಕೊಡಬೇಕು. ಸರ್ಕಾರ ಬಿದ್ದರೆ ಅದರ ಬಗ್ಗೆ, ಕ್ರಿಕೆಟ್‌ನಲ್ಲಿ ಸೋತರೆ ಅದರ ಬಗ್ಗೆ. ನಾನು ಹಾವೇರಿ ಕಡೆಯವಳು, ಬಾಯಿ ಜೋರು. ದಾರಿಹೋಕರನ್ನು ನಿಲ್ಲಿಸಿ ಮಾತಿಗೆಳೆಯುವುದು ನನಗೆ ನೀರು ಕುಡಿದಷ್ಟು ಸಲೀಸು, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಆಗೊಮ್ಮೆ ಒಬ್ಬ ಫುಟ್‌ಬಾಲ್ ಆಟಗಾರನಿಗೆ ಮೂರ್ಛೆರೋಗ ಇದೆಯೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅವನನ್ನು ತಂಡದಿಂದ ಕೈಬಿಟ್ಟರು. ಆಟಗಾರನ ಕಾಯಿಲೆ ಊರಿಗೆಲ್ಲ ಗೊತ್ತಾಗಬೇಕೆ ಎಂಬುದೇ ಅಂದಿನ ಪ್ರಶ್ನೆ. ಮೂವರು ಮೀನಮೇಷ ಎಣಿಸದೆ "ಗೊತ್ತಾಗ್ಲೇಬೇಕು" ಎಂದರು. ನಾಲ್ಕನೆಯವರು ರಿಚರ್ಡ್ಸ್ ಟೌನ್ ಪಾರ್ಕಿನ ಬಳಿ ಸಿಕ್ಕ ಒಬ್ಬ ಪಿ.ಟಿ. ಟೀಚರ್, ಅಂದರೆ ಅಲ್ಲೇ ಹತ್ತಿರದ ಶಾಲೆಯಲ್ಲಿ ಮಕ್ಕಳಿಗೆ ಆಟ, ಕವಾಯತು ಕಲಿಸುವವರು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು.

"ಬೇಡ ರೀ, ಅದು ಅವ್ನ ಸ್ವಂತ ವಿಷ್ಯ" ಎಂದರು.

ಯಾಕೆ ಎಂದು ಕೆದಕಿದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಂಗೂ ಇದೆ. ಚಿಕ್ಕವಳಿದ್ದಾಗ ಕ್ಲಾಸಲ್ಲೇ ಬಿದ್ಬಿಟ್ಟೆ. ಎಚ್ಚರ ಆದಾಗ ಎರಡೂ ಕೈ ತುಂಬಾ ಬೀಗದ ಕೈ. ಕಬ್ಬಿಣ ಹಿಡಿಸಿದ್ರೆ ನಿಲ್ಲುತ್ತೆ ಅಂತ ಯಾರ್ಯಾರೋ ತಂದು ತುರುಕಿದ್ರು. ಆಮೇಲೆ ಸ್ಕೂಲ್ ಮುಗಿಯೋವರ್ಗೂ ನನ್ನ ಬೀಗದ್‌ಕೈ ಅಂತಾನೇ ಕರೆದ್ರು. ಈಗ ಮಾತ್ರೆ ತಗೋತೀನಿ, ಎಷ್ಟೋ ವರ್ಷದಿಂದ ಬಂದಿಲ್ಲ. ಆದ್ರೂ ನಮ್ಮ ಸ್ಕೂಲಲ್ಲಿ ಗೊತ್ತಾದ್ರೆ ನಾಳೆಯಿಂದ ಗ್ರೌಂಡಿಗೇ ಬಿಡಲ್ಲ." ಮತ್ತೆ ಸೇರಿಸಿದರು: "ಬೇಕಾದ್ರೆ ಬರ್ಕೊಳ್ಳಿ. ನನ್ ಹೆಸ್ರು ಮಾತ್ರ ಬೇಡ."

ನಾನು ಕುಣಿಯುತ್ತ ಕಚೇರಿಗೆ ಬಂದೆ. ಅಂಥ ಮಾತು ವರ್ಷಕ್ಕೊಮ್ಮೆ ಸಿಗುವುದೂ ಕಷ್ಟ. ಆದರೆ ಹೆಸರಿಲ್ಲದ ಉತ್ತರವನ್ನು ನಮ್ಮ ಅಂಕಣದಲ್ಲಿ ಹಾಕುತ್ತಿರಲಿಲ್ಲ. ನಮ್ಮ ಮುಖ್ಯ ಉಪಸಂಪಾದಕ ರಂಗಸ್ವಾಮಿ, ಪುಟದ ಉಸ್ತುವಾರಿ ಅವರದೇ, ಕನ್ನಡಕದ ಮೇಲಿಂದ ನೋಡಿ ಹೇಳಿದರು: "ಹೆಸ್ರಿಲ್ದೆ ಇದ್ರೆ ನೀನೇ ಹುಟ್ಟಿಸ್ಕೊಂಡು ಬರ್ದೆ ಅಂತಾರಮ್ಮ. ಯಾವ್ದಾದ್ರೂ ಒಂದು ಹೆಸ್ರು, ಬೇರೆ ಕೆಲ್ಸ, ಬೇರೆ ಏರಿಯಾ ಹಾಕು. ಮುಗೀತು." ಹೆಸರು ಬದಲಿಸಿದ್ದೇವೆಂದು ಕೆಳಗೆ ಹಾಕೋಣವೆ ಎಂದು ಕೇಳಿದೆ. ಹಾಕಿದರೆ ಯಾರು ನಂಬುತ್ತಾರೆ ಎಂದರು. ನನಗೂ ಸರಿಯೆನಿಸಿತು.

ಟೀಚರನ್ನು ಟೈಲರ್ ಮಾಡಿದೆ. ರಿಚರ್ಡ್ಸ್ ಟೌನನ್ನು ಕಮ್ಮನಹಳ್ಳಿ ಮಾಡಿದೆ. ಹೆಸರಿಗೆ ಮಾತ್ರ ಸ್ವಲ್ಪ ಯೋಚಿಸಬೇಕಾಯಿತು. ಅಂದು ಬಸ್ಸಿನಲ್ಲಿ ಯಾರೋ ಒಬ್ಬ ಹೆಂಗಸನ್ನು "ಮುನಿರತ್ನಾ" ಎಂದು ಕೂಗಿದ್ದು ನೆನಪಾಯಿತು. ನಮ್ಮ ಕಡೆ ಬಸವ್ವ, ಕಲ್ಲವ್ವ, ನೀಲವ್ವ ಇರುತ್ತಾರೆ. ಮುನಿರತ್ನ ಎಂಬ ಹೆಸರನ್ನು ನಾನು ಅದಕ್ಕೆ ಮುಂಚೆ ಕೇಳಿಯೇ ಇರಲಿಲ್ಲ. ಅಪರೂಪದ್ದು, ಯಾರಿಗೂ ತಾಕುವುದಿಲ್ಲ ಎಂದುಕೊಂಡೆ. ಬೆಂಗಳೂರಿನ ಪೂರ್ವದ ಹಳೆಯ ಹಳ್ಳಿಗಳಲ್ಲಿ ಮುನೇಶ್ವರನ ಹೆಸರು ಹೊತ್ತವರು ಬೀದಿಬೀದಿಗೂ ಇದ್ದಾರೆಂದು ಈ ಊರಿನಲ್ಲಿ ಹುಟ್ಟಿದ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ನಾನು ಕೇಳಲಿಲ್ಲ.

ಅಂಕಣಕ್ಕೆ ಒಳ್ಳೆಯ ಹೆಸರು ಬಂತು. ಒಂದು ವಾರ ಕಳೆದಿರಬಹುದು, ಕಚೇರಿಗೆ ಒಬ್ಬರು ಬಂದರು. ಕಮ್ಮನಹಳ್ಳಿಯ ನಾಗರಾಜ್. ಹಿಂದೆ ಹೊಲ ಉಳುತ್ತಿದ್ದ ಮನೆತನ, ಈಗ ಅದೇ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿದವರು. ಕೈಯಲ್ಲಿ ನಮ್ಮ ಪತ್ರಿಕೆ ಮಡಿಸಿ ಹಿಡಿದಿದ್ದರು.

"ಏನ್ ಮೇಡಮ್ ಇದು? ಕಮ್ಮನಹಳ್ಳೀಲಿ ಟೈಲರ್ ಮುನಿರತ್ನ ಅಂದ್ರೆ ಎಲ್ಲಾರೂ ನಮ್ ಮನೆ ಕಡೆ ಕೈ ತೋರಿಸ್ತಾರೆ. ನಮ್ ತಂಗಿ ಅವ್ಳು. ತಾಂಬೂಲ ಬದಲಾಯ್ಸಿ ಆಗಿತ್ತು. ಗಂಡಿನ ಕಡೆಯವ್ರು ಇದನ್ನ ಓದ್ಬಿಟ್ಟು ಬೇಡ ಅಂತವ್ರೆ. ಅವ್ಳಿಗೆ ಒಂದಿನಾನೂ ಫಿಟ್ಸ್ ಬಂದಿಲ್ಲ!"

ರಂಗಸ್ವಾಮಿ ಕ್ಷಮೆ ಕೇಳಿ, ಅದು ನಿಜವಾದ ಹೆಸರಲ್ಲ ಎಂದು ಮರುದಿನ ಸ್ಪಷ್ಟನೆ ಹಾಕಿಸಿದರು. ನಾಗರಾಜ್ ಮತ್ತೆ ಬಂದರು. ಗಂಡಿನ ಕಡೆಯವರು ಸ್ಪಷ್ಟನೆ ಓದಿ, ಹೆಣ್ಣಿನ ಮನೆಯವರು ಹಣ ಕೊಟ್ಟು ಹಾಕಿಸಿದ್ದಾರೆ ಎಂದರಂತೆ. ಹಾಗಲ್ಲದಿದ್ದರೆ ಆ ಮಾತು ಆಡಿದವರು ಯಾರು, ತೋರಿಸಿ ಎಂದರಂತೆ.

"ಅವ್ರ ಹೆಸ್ರು ಹೇಳಿ ಮೇಡಮ್, ಸಾಕು. ನಾವೇ ಕರ್ಕೊಂಡೋಗಿ ಮಾತಾಡಿಸ್ತೀವಿ" ಎಂದು ಕೈಮುಗಿದರು.

ನಾನು ಹೇಳಲಿಲ್ಲ. ಇದನ್ನು ಧೈರ್ಯವೆಂದು ಯಾರೂ ತಿಳಿಯಬಾರದು. ಅವರ ಮುಖ ನೋಡಲಾರದೆ ಮೇಜು ನೋಡುತ್ತ ಕುಳಿತಿದ್ದೆ. ಹೇಳಿದರೆ ಟೀಚರ ಕೆಲಸ ಹೋಗುತ್ತದೆ, ಹೇಳದಿದ್ದರೆ ಈ ಹುಡುಗಿಯ ಮದುವೆ ಮುರಿಯುತ್ತದೆ. ಮರುದಿನ ರಿಚರ್ಡ್ಸ್ ಟೌನಿಗೆ ಹೋಗಿ ಆ ಶಾಲೆಯ ಕಾಂಪೌಂಡಿನ ಹೊರಗೆ ನಿಂತೆ. ಟೀಚರೇ ತಾವಾಗಿ ಮುಂದೆ ಬಂದರೆ ಎಂಬ ಆಸೆ ನನ್ನದು. ಒಳಗೆ ಅವರು ಮಕ್ಕಳ ಜೊತೆ ಓಡುತ್ತಿದ್ದರು, ಸೀಟಿ ಊದುತ್ತ, ನಗುತ್ತ. ಗೇಟಿನವರೆಗೆ ಹೋದವಳು ವಾಪಸ್ ಬಂದೆ.

ಕಚೇರಿಯ ಮೆಟ್ಟಿಲ ಬಳಿ ಒಬ್ಬ ಯುವತಿ ಕಾಯುತ್ತಿದ್ದಳು. ಕುಪ್ಪಸದ ಅಂಚಿಗೆ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡಿದ್ದಳು, ತೆಗೆಯಲು ಮರೆತಿರಬೇಕು. ಯಾರೆಂದು ಕೇಳಬೇಕಾಗಿರಲಿಲ್ಲ.

"ನಮ್ಮಣ್ಣ ನಾಳೆನೂ ಬರ್ತಾನೆ" ಎಂದಳು ಮುನಿರತ್ನ. "ಆಯಮ್ಮನ ಹೆಸ್ರು ಹೇಳ್ಬೇಡಿ. ನಂಗೂ ಹೇಳ್ಬೇಡಿ, ಗೊತ್ತಾದ್ರೆ ಬಾಯ್ಬಿಟ್ಬಿಡ್ತೀನಿ."

"ಮತ್ತ ನಿಮ್ಮ ಮದುವಿ?" ಎಂದೆ.

"ನನ್ದಂತೂ ಹೋಯ್ತು. ಆಯಮ್ಮಂದು ಯಾಕ್ ಹೋಗ್ಬೇಕು?" ಹೊರಟವಳು ತಿರುಗಿ ನಿಂತಳು. "ನಿಮ್ ಮೇಲೆ ಸಿಟ್ಟಿಲ್ಲ ಅಂತ ಮಾತ್ರ ಅನ್ಕೋಬೇಡಿ. ಐತೆ."

ಆ ಸಂಬಂಧ ಮುರಿಯಿತು. ಮೂರು ವರ್ಷದ ಮೇಲೆ ಹೊಸಕೋಟೆ ಕಡೆಯ ಮನೆಯೊಂದಕ್ಕೆ ಅವಳ ಮದುವೆಯಾಯಿತೆಂದು ಕೇಳಿ ಎದೆಯ ಭಾರ ಸ್ವಲ್ಪ ಇಳಿಯಿತು. ನನ್ನ ಪಾಪ ತೊಳೆದುಹೋಯಿತೆಂದು ಸಮಾಧಾನ ಮಾಡಿಕೊಂಡೆ. ಅದಾದ ಮೇಲೆ ಎಷ್ಟೋ ವರ್ಷಕ್ಕೆ ಹಲಸೂರಿನ ಬಸ್ ನಿಲ್ದಾಣದಲ್ಲಿ ಆ ಪಿ.ಟಿ. ಟೀಚರ್ ಸಿಕ್ಕರು. ಗುರುತು ಹಿಡಿದು ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಉಪಕಾರ ಮರೆಯಲ್ಲ ರೀ. ಯಾರಿಗೂ ಗೊತ್ತಾಗ್ದಂಗೆ ಎಷ್ಟ್ ಚೆನ್ನಾಗಿ ಬರೆದ್ರಿ! ಆ ಮುನಿರತ್ನ ಅನ್ನೋ ಹೆಸ್ರು ಎಲ್ಲಿಂದ ಹುಡುಕಿದ್ರಿ?" ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಬಸ್ ಬಂತೆಂದು ಸುಳ್ಳು ಹೇಳಿ ಯಾವುದೋ ಬಸ್ ಹತ್ತಿದೆ.

ಆ ಪ್ರಕರಣದ ನಂತರ ನಾನು ಯಾರಿಗೂ ಸುಳ್ಳು ಹೆಸರು ಇಟ್ಟಿಲ್ಲ. 'ಹೆಸರು ಹೇಳಲು ಇಚ್ಛಿಸದ ಮಹಿಳೆ' ಎಂದು ಬರೆದು ಬೈಸಿಕೊಂಡಿದ್ದೇನೆ, ಒಳ್ಳೊಳ್ಳೆಯ ಮಾತುಗಳನ್ನು ಬಿಟ್ಟೂ ಇದ್ದೇನೆ. ಒಬ್ಬರ ಗುಟ್ಟು ಕಾಯಲು ನಾವು ಹುಟ್ಟಿಸುವ ಹೆಸರಿಗೂ ಊರಿನಲ್ಲಿ ಯಾರೋ ಓಗೊಡುವವರಿರುತ್ತಾರೆ. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನೇ, ಕಲಿಕೆಯ ಬೆಲೆ ತೆತ್ತವರು ಮಾತ್ರ ಬೇರೆಯವರು.

ಈ ಲೇಖನದಲ್ಲಿ ಟೀಚರಿಗೆ ಹೆಸರೇ ಇಲ್ಲದಿರುವುದು ಅದಕ್ಕೇ. ಮುನಿರತ್ನಳ ಹೆಸರು ಬರೆಯುವ ಮುನ್ನ ಹೊಸಕೋಟೆಗೆ ಹೋಗಿ ಅವಳನ್ನೇ ಕೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸದೆ ನಕ್ಕಳು.

"ಹಾಕ್ಕೊಳ್ಳಿ. ಇನ್ನು ಮುಚ್ಚಿಡಕ್ಕೇನಿದೆ? ಗಂಡ ನನ್ ಮಾತು ನಂಬ್ದ, ಮಕ್ಳೂ ದೊಡ್ಡವಾದ್ವು. ಆದ್ರೂ ಬಿಸಿಲಿಗೆ ಒಂಚೂರು ತಲೆ ಸುತ್ತಿ ಗೋಡೆ ಹಿಡ್ಕೊಂಡ್ರೆ ಸಾಕು, ಇವತ್ಗೂ ನಮ್ಮತ್ತೆ ಬೀಗದ ಕೈ ಹಿಡ್ಕೊಂಡು ಓಡ್ಬರ್ತಾರೆ."