ಮಾದಪ್ಪನಿಗೆ ಬಿಟ್ಟ ಮುಡಿ

ರಾಮಾಪುರದ ಬಸ್ ಸ್ಟಾಂಡಿನಲ್ಲಿ ಶಾಂತರಾಜು ಮನೆ ಎಲ್ಲಿ ಎಂದರೆ ‘ಯಾವ ಶಾಂತರಾಜು?’ ಎನ್ನುತ್ತಾರೆ. ನೇವಿ ಶಾಂತರಾಜು ಎಂದರೆ ಸಾಕು, ಮಕ್ಕಳೂ ಮನೆ ತೋರಿಸುತ್ತಾರೆ. ಹದಿನೈದು ವರ್ಷ ನೌಕಾಪಡೆಯಲ್ಲಿ ದುಡಿದು ಬಂದವನು ಈಗ ಕೊಳ್ಳೇಗಾಲದ ಬ್ಯಾಂಕೊಂದರ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುತ್ತಾನೆ. ಹಡಗಿನ ಕತೆ ಹೇಳಪ್ಪ ಎಂದು ಎಷ್ಟು ಗೋಗರೆದರೂ ಅವನ ಬಾಯಿಂದ ಒಂದು ಮಾತು ಹೊರಡುವುದಿಲ್ಲ. ಟೀ ಕುಡಿಸಿ ಟ್ರೈನಿಂಗಿನ ಮಾತೆತ್ತಿದರೆ ಮಾತ್ರ ಕೈ ತಾನಾಗಿ ತಲೆಗೆ ಹೋಗುತ್ತದೆ. ಇಪ್ಪತ್ತು ವರ್ಷದ ಮೇಲಾಗಿದೆ, ಮೊನ್ನೆ ಪೆಟ್ಟು ತಿಂದವನ ಹಾಗೆ ಸವರಿಕೊಳ್ಳುತ್ತಾನೆ.

ಆಗ ಅವನಿಗೆ ಹದಿನೆಂಟು. ನೇವಿ ಪರೀಕ್ಷೆ ಬರೆದು ಬಂದ ದಿನ ಅವ್ವ ದೊಡ್ಡಮಾದಮ್ಮ ಅವನನ್ನು ಬೆಟ್ಟದ ದೇವರು ಮಾದಪ್ಪನ ಪಟದ ಮುಂದೆ ನಿಲ್ಲಿಸಿ ಹಣೆತುಂಬ ವಿಭೂತಿ ಬಳಿದಳು.

“ಇವತ್ತಿಂದ ತಲೆಗೆ ಕತ್ರಿ ಮುಟ್ಟುಸ್ಬ್ಯಾಡ ಕಣ್ಲಾ. ನಾನು ಅರಕೆ ಒತ್ತಿವ್ನಿ. ಅಂದ್ಕಂಡುದ್ದು ಆದ್ರೆ ಬೆಟ್ಟುಕ್ಕೋಗಿ ಮುಡಿ ಕೊಡವ.”

ಏನು ಅಂದುಕೊಂಡಳು ಎಂದು ಅವನು ಕೇಳಲಿಲ್ಲ. ಕೇಳುವುದೇನಿದೆ? ಹೆತ್ತವಳು ಮಗ ಪಾಸಾಗಲಿ ಎಂದಲ್ಲದೆ ಇನ್ನೇನು ಬೇಡಿಕೊಂಡಾಳು?

ಪಾಸೂ ಆದ. ಕೂದಲು ಕುತ್ತಿಗೆಗಿಳಿಯುವ ಹೊತ್ತಿಗೆ ಹೊರಡಬೇಕೆಂದು ಕಾಗದ ಬಂತು. ಬೆಟ್ಟವೇನು ದೂರವೇ? ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನ ಪ್ರಸಾದ ಉಂಡು ಬರಬಹುದು. ಮುಡಿ ಕೊಟ್ಟು ಬರೋಣ ಎಂದರೆ ಅವ್ವ ಒಪ್ಪಲಿಲ್ಲ. “ಈಗ್ಲೇ ಬ್ಯಾಡ. ಅಂದ್ಕಂಡುದ್ದು ಇನ್ನೂ ಆಗಿಲ್ಲ” ಎಂದಳು. ಟ್ರೈನಿಂಗ್ ಮುಗಿಯದೆ ಕೆಲಸ ಗಟ್ಟಿಯಲ್ಲ, ಅದಕ್ಕೇ ಹೀಗನ್ನುತ್ತಾಳೆ ಎಂದು ಅವನು ಸಮಾಧಾನ ಹೇಳಿಕೊಂಡ.

ಒಡಿಶಾದಲ್ಲಿ ರೈಲಿಳಿದು ತರಬೇತಿ ಕೇಂದ್ರದ ಗೇಟು ದಾಟಿದ್ದಷ್ಟೇ. ಟ್ರಂಕನ್ನು ನೆಲಕ್ಕಿಡುವ ಮೊದಲೇ ಸಾಲಲ್ಲಿ ನಿಲ್ಲಿಸಿದರು. ಸಾಲಿನ ಕೊನೆಗೆ ಕುರ್ಚಿಗಳು, ಕುರ್ಚಿಯ ಹಿಂದೆ ಮೆಷಿನ್ ಹಿಡಿದ ಕ್ಷೌರಿಕರು. ಮುಂದಿದ್ದವರು ಒಬ್ಬೊಬ್ಬರಾಗಿ ಬೋಳಾಗಿ ಏಳುತ್ತಿದ್ದುದನ್ನು ನೋಡಿ ಶಾಂತರಾಜುವಿನ ಜೀವ ಬಾಯಿಗೆ ಬಂತು. ತನ್ನನ್ನು ಕೂರಿಸಿದ ಕೂಡಲೇ ಕ್ಷೌರಿಕನ ಕೈಯನ್ನೇ ಹಿಡಿದುಬಿಟ್ಟ.

“ಮುಟ್‌ಬ್ಯಾಡಿ ಸಾ! ಇದು ಮಾದಪ್ಪನ ಮುಡಿ!”

ಆ ಊರಲ್ಲಿ ಮಾದಪ್ಪ ಯಾರಿಗೆ ಗೊತ್ತು? ಇನ್‌ಸ್ಟ್ರಕ್ಟರ್ ಹಿಂದಿಯಲ್ಲಿ ಗುಡುಗಿದ. ಇವನಿಗೆ ಹಿಂದಿಯ ಒಂದಕ್ಷರ ಬಾರದು. ಇಬ್ಬರು ಬಂದು ಭುಜ ಅದುಮಿದರು, ಮೆಷಿನ್ ಹಣೆಯಿಂದ ಹಿಂದಲೆಗೆ ಕುರಿಯ ಉಣ್ಣೆ ತೆಗೆದಂತೆ ಹರಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ದೇವರದ್ದು ಕಸವಾಗಿ ಕಾಲ ಬುಡದಲ್ಲಿ ಬಿದ್ದಿತ್ತು. ಬೆತ್ತಲೆ ನಿಲ್ಲಿಸಿದ್ದರೂ ಅವನಿಗೆ ಅಷ್ಟು ದಿಗಿಲಾಗುತ್ತಿರಲಿಲ್ಲ. ಗುಡಿಸುವವನು ಬರುವ ಮುಂಚೆ ಬಗ್ಗಿ ಒಂದು ಹಿಡಿ ಬಾಚಿಕೊಂಡು ಜೇಬಿಗೆ ತುರುಕಿದ. ಕೈ ಹಿಡಿದ ತಪ್ಪಿಗೆ ಸುಡುವ ಮೈದಾನದಲ್ಲಿ ಉರುಳಿಸಿದರು. ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಬಂದರೂ ಜೇಬಿನ ಮೇಲಿಟ್ಟ ಕೈ ಮಾತ್ರ ತೆಗೆಯಲಿಲ್ಲ.

ಆಮೇಲಿನ ದಿನಗಳೂ ನೆಟ್ಟಗಿರಲಿಲ್ಲ. ಕತ್ತಲಿರುವಾಗಲೇ ಸೀಟಿ, ಓಟ, ಬೈಗುಳ. ಮುದ್ದೆ ತಿಂದು ಬೆಳೆದ ಹೊಟ್ಟೆಗೆ ಚಪಾತಿ. ಬೂಟು ಕಚ್ಚಿ ಹಿಮ್ಮಡಿಯಲ್ಲಿ ರಕ್ತ. ಬಿಟ್ಟು ಓಡೋಣ ಎನ್ನಿಸಿದಾಗಲೆಲ್ಲ ಟ್ರಂಕಿನ ತಳದಲ್ಲಿ ಕರ್ಚೀಫಿನಲ್ಲಿ ಕಟ್ಟಿಟ್ಟ ಕೂದಲು ಮುಟ್ಟಿ ನೋಡುತ್ತಿದ್ದ. ಅವ್ವ ಹರಕೆ ಹೊತ್ತು ಗಿಟ್ಟಿಸಿಕೊಟ್ಟ ಕೆಲಸ, ಬಿಟ್ಟು ಯಾವ ಮುಖ ಹೊತ್ತು ಹೋಗಲಿ?

ಫೋನಿನಲ್ಲಿ ಅವ್ವ ಪ್ರತಿ ಸಲವೂ ಕೇಳುತ್ತಿದ್ದುದು ಒಂದೇ. “ಅಲ್ಲಿ ಆಗ್ದೆ ಇದ್ದೋರ ಮನೆಗೆ ಕಳುಸ್ಬುಡ್ತಾರಂತಲ್ಲ, ಔದೇನ್ಲಾ?”

“ನನ್ನ ಕಳ್ಸಲ್ಲ ಕಣವ್ವ, ನೀನು ಎದುರ್ಕಬ್ಯಾಡ” ಎಂದು ಇವನು ಧೈರ್ಯ ಹೇಳುತ್ತಿದ್ದ. ಆ ಕಡೆ ಅವ್ವ ಫೋನ್ ಇಟ್ಟುಬಿಡುತ್ತಿದ್ದಳು.

ಒಂದು ದಿನ ಈಜುಕೊಳದ ಎತ್ತರದ ಹಲಗೆ ಹತ್ತಿಸಿದರು. ಹಾರದವನು ಗಂಟುಮೂಟೆ ಕಟ್ಟಿ ಮನೆಗೆ ಹೋಗಬಹುದು ಎಂದರು. ತೋಟದ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜಿದ ಹುಡುಗನಿಗೆ ಮೇಲಿಂದ ನೀರು ಪಾತಾಳದಲ್ಲಿ ಕಂಡಿತು. ಮುಡಿ ಸಲ್ಲಿಸದವನನ್ನು ಮಾದಪ್ಪ ಇಲ್ಲೇ ಮುಳುಗಿಸುತ್ತಾನೆ ಎಂದು ಒಂದು ಮನಸ್ಸು. ಅವ್ವನ ಹರಕೆ ಕಾಯುತ್ತದೆ ಎಂದು ಇನ್ನೊಂದು. ‘ಉಘೇ ಮಾದಪ್ಪ’ ಎಂದು ಕಣ್ಣು ಮುಚ್ಚಿ ಹಾರಿಯೇಬಿಟ್ಟ. ಮೇಲೆದ್ದು ಉಸಿರೆಳೆದಾಗ ಅವ್ವನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

ತರಬೇತಿ ಮುಗಿಸಿ ಬಿಳಿ ಸಮವಸ್ತ್ರದಲ್ಲಿ ಊರಿಗೆ ಬಂದವನು ಜಗಲಿಯಲ್ಲೇ ಅವ್ವನ ಕಾಲಿಗೆ ಬಿದ್ದ. ಕರ್ಚೀಫು ಬಿಚ್ಚಿ ಮುಂದಿಟ್ಟ. “ಬಲವಂತವಾಗಿ ಬೋಳುಸ್ಬುಟ್ರು ಕಣವ್ವ. ಉಳ್ದುದ್ದು ಇಷ್ಟೇಯ. ಮಾದಪ್ಪ ತೆಪ್ಪು ಅಂತನಾ?”

ದೊಡ್ಡಮಾದಮ್ಮ ಕೂದಲನ್ನೂ ಮಗನನ್ನೂ ನೋಡಿದಳು.

“ಅಯ್ಯೋ ಪೆದ್ದ್‌ಮುಂಡೇದೆ, ಇದ್ಯಾಕ್ಲಾ ಒತ್ಕಬಂದೆ? ನೀನು ಪಾಸಾಗ್ಲಿ ಅಂತ ಯಾವೋಳು ಅರಕೆ ಒತ್ತಿದ್ಲು? ಪೇಲಾಗಿ ಮನೇಲೇ ಇರ್ಲಿ ಅಂತ ಕಣ್ಲಾ ನಾನು ಒತ್ತಿದ್ದು! ಗೋಪಿನಾಥಂನಲ್ಲಿ ಮೀನ್ಗೋದ ನನ್ ತಮ್ಮ ಚಿಕ್ಕಮಾದಪ್ಪನ್ನ ಒಳೆ ನುಂಗ್ತು. ಅದು ಸಾಲ್ದು ಅಂತ ನೀನೂ ನೀರ್ಗೇ ಓಗ್ಬೇಕಾ? ಮಾದಪ್ಪ ನನ್ ಮಾತ ನಡುಸ್ನಿಲ್ಲ. ನಾನ್ಯಾಕೆ ಮುಡಿ ಕೊಡ್ಲಿ?”

ಶಾಂತರಾಜು ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತ. ಮೆಷಿನ್ ತಲೆಯ ಮೇಲೆ ಹರಿದಾಗಲೂ ಅವನಿಗೆ ಹೀಗೆ ಬರಸಿಡಿಲು ಬಡಿದಂತಾಗಿರಲಿಲ್ಲ. ಯಾವ ಹರಕೆಯನ್ನು ನಂಬಿ ನೀರಿಗೆ ಹಾರಿದನೋ ಆ ಹರಕೆ ಅವನನ್ನು ಹಿಂದಕ್ಕೆ ಎಳೆಯುತ್ತಿತ್ತು. ಸಿಟ್ಟು ಬಂತು, ಅಳುವೂ ಬಂತು. ಅವ್ವ ಮಾತ್ರ ಏನೂ ಆಗದವಳಂತೆ ಹರಳೆಣ್ಣೆ ತಂದು, ಗರಿಕೆಯಂತೆ ಚಿಗುರಿದ್ದ ಅವನ ತಲೆಗೆ ತಟ್ಟತೊಡಗಿದಳು.

ಈಗ ಹುಡುಗಿಯರನ್ನೂ ನೇವಿಗೆ ತೆಗೆದುಕೊಳ್ಳುತ್ತಾರೆ. ಶಾಂತರಾಜುವಿನ ಮಗಳು ರೂಪ ಈ ಸಲ ಪರೀಕ್ಷೆ ಬರೆದಿದ್ದಾಳೆ. ಈಜು ಕಲಿಸಿದವನೂ ಅವನೇ, ನಸುಕಿಗೆ ಎಬ್ಬಿಸಿ ಹನೂರು ರಸ್ತೆಯಲ್ಲಿ ಓಡಿಸಿದವನೂ ಅವನೇ. ಅವಳು ಪರೀಕ್ಷೆ ಬರೆದು ಬಂದಂದಿನಿಂದ ಅಪ್ಪನ ಗಲ್ಲದ ಮೇಲೆ ಗಡ್ಡ ಬೆಳೆಯುತ್ತಿದೆ. ಮೊನ್ನೆ ಭಾನುವಾರ ಜಗಲಿಯಲ್ಲಿ ರೂಪ ಕೇಳಿಯೇಬಿಟ್ಟಳು.

“ಯಾಕಪ್ಪಾ ಗಡ್ಡ ಬಿಟ್ಟಿದ್ದೀಯ?”

“ಮಾದಪ್ಪಂಗೆ ಅರಕೆ ಕಣವ್ವ.”

“ನಾನು ಪಾಸಾಗ್ಲಿ ಅಂತಾನಾ?”

“ಊಂ” ಎಂದು ಅವನು ಬೇರೆ ಕಡೆ ತಿರುಗಿದ.

ಮೂಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ದೊಡ್ಡಮಾದಮ್ಮನ ಕೈ ನಿಂತಿತು. ಮಗನ ಮುಖ ದಿಟ್ಟಿಸಿದಳು.

“ದಿಟವ ಈಗ್ಲೇ ಏಳ್ಬುಡ್ಲಾ ಮಗ. ಆಮೇಕೆ ಏಳುದ್ರೆ ನಿನ್ನಂಗೇ ಬಾಯ್ ಬುಟ್ಕಂಡು ನಿಂತ್ಕತದೆ ಕೂಸು.”

ರೂಪ ಅಜ್ಜಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಶಾಂತರಾಜು ಗಡ್ಡ ಹಿಡಿದುಕೊಂಡು ಕೂತಿದ್ದ.